ಡೈಕಾಮ್ ಕಡತಗಳ ಆಮದು

ಸಿ.ಟಿ., ಎಂ.ಆರ್.ಐ. ಮೊದಲಾದ ಯಂತ್ರಗಳು ತೆಗೆದ ದೇಹಚಿತ್ರಗಳನ್ನು ಗಣಕದ ತಂತ್ರಾಂಶವು ಯಥಾವತ್ತಾಗಿ ಗ್ರಹಿಸುವಂತೆ ಮೊದಲೇ ಸೆಟ್ಟಿಂಗುಗಳನ್ನು ಅಣಿಗೊಳಿಸುವ ಕಾರ್ಯ. ಈ ಯಂತ್ರಗಳ ತಯಾರಕರು ತಮಗೆ ತೋಚಿದ ರೂಪದಲ್ಲಿ ಕಡತಗಳನ್ನು ರಚಿಸುತ್ತಿದ್ದ ಅವ್ಯವಸ್ಥೆಯನ್ನು ನೀಗಲೆಂದು ಅಮೆರಿಕದ ವಿಕಿರಣವೈದ್ಯರ ಸಂಸ್ಥೆಯೂ ವಿದ್ಯುದುಪಕರಣ ತಯಾರಕರ ಸಂಘವೂ 1983ರಲ್ಲಿ ಕೂಡಿ ಆರಂಭಿಸಿದ ಪ್ರಯತ್ನವು 1985ರಲ್ಲಿ ಪ್ರಥಮ ಮಾನಕವಾಗಿ ಹೊರಬಂದು, 1993ರಲ್ಲಿ ಡೈಕಾಮ್ ಎಂಬ ಹೆಸರನ್ನು ತಳೆಯಿತು. ಕಡತದ ಆದಿಯಲ್ಲಿ 128 ಬೈಟುಗಳ ಪೀಠಿಕೆಯೂ ಅದರ ಬೆನ್ನಿಗೇ ಡಿ, ಐ, ಸಿ, ಎಂ ಎಂಬ ನಾಲ್ಕು ಅಕ್ಷರಗಳೂ ಇರುವುದರಿಂದ, ಕಡತದ ಹೆಸರನ್ನು ನಂಬದೆ ಈ ಗುರುತನ್ನೇ ಪರೀಕ್ಷಿಸುವಂತೆ ವಿಧಿಸುವುದು ಲೇಸು.

ಸಿ.ಟಿ. ಚಿತ್ರಗಳಲ್ಲಿ, ಕಡತದಲ್ಲಿಯೇ ನಮೂದಾಗಿರುವ ಗುಣಕ ಮತ್ತು ಸಂಕಲನಾಂಕಗಳನ್ನು ಅನ್ವಯಿಸದಿದ್ದರೆ, ನೀರಿಗೆ 0, ಗಾಳಿಗೆ -1000 ಎಂದಿರುವ ಹೌನ್ಸ್‌ಫೀಲ್ಡ್ ಮಾನವು ಅಸ್ತವ್ಯಸ್ತವಾಗುವುದು. ಇದಕ್ಕಿಂತಲೂ ಘೋರವಾದದ್ದು ಅಂತರದ ಪ್ರಮಾದ: ಸೀಳಿನ, ಎಂದರೆ ದೇಹದ ಒಂದೊಂದು ಪದರಚಿತ್ರದ, ದಪ್ಪ 5 ಮಿ.ಮೀ. ಇದ್ದು, ಒಂದು ಸೀಳಿನಿಂದ ಮುಂದಿನದಕ್ಕೆ 2.5 ಮಿ.ಮೀ. ಮಾತ್ರ ಇರುವಾಗ, ತಂತ್ರಾಂಶವು ದಪ್ಪವನ್ನೇ ಅಂತರವೆಂದು ಭಾವಿಸಿತೆಂದರೆ ಗಡ್ಡೆಯ ಉದ್ದ ಇಮ್ಮಡಿಯಾಗಿ ತೋರುವುದು. ಆದುದರಿಂದ ಸೀಳುಗಳ ಅನುಕ್ರಮವನ್ನೂ ಅಂತರವನ್ನೂ ಅವುಗಳ ಸ್ಥಾನವನ್ನು ಸೂಚಿಸುವ ನಿರ್ದೇಶಾಂಕಗಳಿಂದಲೇ ನಿರ್ಣಯಿಸತಕ್ಕದ್ದು. ಸಂಶೋಧನೆಗೆ ಬಳಸುವ ಕಡತಗಳಲ್ಲಿ ರೋಗಿಯ ಹೆಸರು, ಜನ್ಮದಿನಾಂಕಗಳನ್ನು ಆಮದಿನ ಹಂತದಲ್ಲಿಯೇ ಅಳಿಸುವಂತೆ ಏರ್ಪಡಿಸುವುದು ಅವಶ್ಯಕ.