ಉಪ್ಪನ ಅಂಗಡಿಯೂ ತಳಂಗರೆಯ ತೊಪ್ಪಿಯೂ

ತಳಂಗರೆ ತೊಪ್ಪಿಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದ್ದು ಒಂದು ಕರಕುಶಲ ಮೇಳದಲ್ಲಿ. ಉಪ್ಪಳದ ನಮ್ಮ ಅಂಗಡಿಯಲ್ಲಿ ತೊಪ್ಪಿಗೆ ಬರ ಇರಲಿಲ್ಲ. ಗಾಜಿನ ಕಪಾಟಿನ ತುಂಬ ಇತ್ತು, ಎಲ್ಲ ಮೆಷಿನ್ನಿನದ್ದು, ಡಜನ್ ಲೆಕ್ಕದಲ್ಲಿ ಬಂದದ್ದು. ತಳಂಗರೆಗೆ ನಮ್ಮಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ.

ಮೇಳದ ಆ ಮಳಿಗೆಯಲ್ಲಿದ್ದ ಹೆಂಗಸು ಮಲಯಾಳದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತಲೆಯ ಅಳತೆ ಎಷ್ಟು? ನನಗೆ ಗೊತ್ತಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ವರ್ನಿಯರ್ ಹಿಡಿದು ಏನೇನೋ ಅಳೆದಿದ್ದೇನೆ, ನನ್ನ ತಲೆ ಮಾತ್ರ ಅಳೆದಿಲ್ಲ! ಅವರು ನೂಲು ಸುತ್ತಿ ಅಳೆದರು. ತೊಪ್ಪಿಯ ಒಳಮಗ್ಗುಲು ತಿರುಗಿಸಿ ತೋರಿಸಿದರು. ಬಿಳಿ ಬಟ್ಟೆ, ಸಣ್ಣ ಸಣ್ಣ ಹೊಲಿಗೆ, ಒಳಗೂ ಹೊರಗೂ ಒಂದೇ ಅಚ್ಚುಕಟ್ಟು. ಎಷ್ಟು ದಿನ ಬೇಕಾಯಿತು ಎಂದು ಕೇಳಿದೆ. ಮನೆಕೆಲಸ ಮುಗಿದ ಮೇಲೆ ಕೂತು ಹೊಲಿಯುವುದು, ದಿನ ಲೆಕ್ಕ ಇಡುವುದಿಲ್ಲ ಎಂದರು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಅಂಗಡಿಯವನ ಮಗನಿಗೆ ಇದು ದೊಡ್ಡ ಮಾತು.

ಸಂತೆ, ಮೇಳಗಳಲ್ಲಿ ಕೊಳ್ಳುವ ಖುಷಿ ಇರುವುದೇ ಇಲ್ಲಿ ಎಂದು ನನಗೆ ಅನಿಸುತ್ತದೆ. ಇದನ್ನು ಮಾಡಿದ್ದು ಯಾರು, ಹೇಗೆ ಎಂದು ಕೇಳಬಹುದು, ಉತ್ತರ ಹೇಳುವವರು ಎದುರಿಗೇ ಇರುತ್ತಾರೆ. ಉಪ್ಪನ ಹತ್ತಿರ ಗಿರಾಕಿಗಳು ಹಾಗೆ ಕೇಳಿದ್ದರೆ 'ಹೋಲ್‌ಸೇಲ್‌ನಿಂದ ಬಂದದ್ದು' ಎಂಬ ಒಂದೇ ಉತ್ತರ.

ನಮಗೆ ವ್ಯಾಪಾರ ಹೊಸತಲ್ಲ. ತುಳುವಿನಲ್ಲಿ 'ಬ್ಯಾರ' ಎಂದರೆ ವ್ಯಾಪಾರ, ಬ್ಯಾರಿ ಎಂಬ ಹೆಸರು ಬಂದದ್ದೇ ಅದರಿಂದ ಎನ್ನುವವರು ಬಹಳ ಮಂದಿ. 16ನೇ ಶತಮಾನದ ಆರಂಭದಲ್ಲೇ ಪೋರ್ಚುಗೀಸ್ ಪ್ರವಾಸಿ ಡುವಾರ್ಟೆ ಬಾರ್ಬೋಸಾ ಕುಂಬಳೆ ಬಂದರಿನ ವಿಷಯ ಬರೆದಿದ್ದಾನೆ: ಇಲ್ಲಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು. ಕಾಸರಗೋಡು ಸೀರೆಯ ನೇಕಾರರ ಸಹಕಾರ ಸಂಘ 1938ರದ್ದು. ಆಗ ನಾವೆಲ್ಲ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. 1956ರಲ್ಲಿ ಗಡಿ ಬಂತು, 2010ರಲ್ಲಿ ಸೀರೆಗೆ ಜಿಐ ಗುರುತು ಸಿಕ್ಕಿತು. ಈಗ ಮೇಳದ ಬೋರ್ಡಿನಲ್ಲಿ 'ಕೇರಳದ ಕೈಮಗ್ಗ' ಎಂದಿರುತ್ತದೆ. ಇರಲಿ, ಮಗ್ಗ ಇದ್ದಲ್ಲೇ ಇದೆ, ಗಡಿಯೇ ನಂತರ ಬಂದದ್ದು.

ಹಿಂದೆ 'ಮೇಳ' ಅಂತ ಬೇರೆ ಇರಲಿಲ್ಲ, ಉರೂಸು, ಜಾತ್ರೆಗಳೇ ಮೇಳ. ಮಂಜೇಶ್ವರದ ಉದ್ಯಾವರ ಮಾಡದ ದೈವದ ಪಾತ್ರಿಗಳು ಜಾತ್ರೆಗೆ ಮುಂಚೆ ಒಂದು ಶುಕ್ರವಾರ ಮಸೀದಿಗೆ ಬಂದು ಜಮಾಅತಿನವರನ್ನು ಕರೆಯುವ ಕ್ರಮ ಇಂದಿಗೂ ಇದೆ. ಕರೆದರೆ ಹೋಗಬೇಡವೇ? ಸಣ್ಣವನಿದ್ದಾಗ ಜಾತ್ರೆಗಳಿಗೆ ಹೋದಾಗಲೆಲ್ಲ ಉಮ್ಮನಿಗೆ ಮಣ್ಣಿನ ಮಡಕೆ ಬರುತ್ತಿತ್ತು, ಮಲಗಲು ಮುಂಡುಗದ ಓಲೆಯ ಚಾಪೆ, ಮೀನಿಗೆ ಬುಟ್ಟಿ. ಬುಟ್ಟಿ ಕೊರಗರು ಹೆಣೆದದ್ದು, ಕಾಡಿನ ಬಳ್ಳಿಯದ್ದು. ಅವರು ಕೂರುತ್ತಿದ್ದದ್ದು ಮಾತ್ರ ಎಲ್ಲರಿಗಿಂತ ಆಚೆ, ರಸ್ತೆಯ ಅಂಚಿನಲ್ಲಿ. ಎಲ್ಲರೂ ಅತಿ ಹೆಚ್ಚು ಚೌಕಾಸಿ ಮಾಡುತ್ತಿದ್ದದ್ದೂ ಅವರ ಹತ್ತಿರವೇ, ನಮ್ಮ ಉಪ್ಪನೂ ಸೇರಿ. ಹಳೆಯ ಸಂತೆಯ ಚಂದ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು.

ಆಮೇಲೆ ನಮ್ಮ ಅಂಗಡಿಗೆ ಪ್ಲಾಸ್ಟಿಕ್ ಕೊಡ ಬಂತು, ಪ್ಲಾಸ್ಟಿಕ್ ಚಾಪೆ ಬಂತು, ಬುಟ್ಟಿ ಬಂತು. ಚಾಪೆಯ ಸುರುಳಿಗಳನ್ನು ಬಾಗಿಲಲ್ಲಿ ನಿಲ್ಲಿಸುವುದು ನನ್ನ ಕೆಲಸ. ಕೈಕೆಲಸ ಹಾಳಾದದ್ದು 'ಕಾಲ' ಬದಲಾಗಿ ಅಂತ ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮೂರಲ್ಲಿ ಆ ಕಾಲವನ್ನು ಲಾರಿಯಿಂದ ಇಳಿಸಿಕೊಂಡವರು ನಾವೇ. ಉಪ್ಪನನ್ನು ದೂರುವುದಿಲ್ಲ. ನನ್ನ ಪಾಲಿಟೆಕ್ನಿಕ್ ಫೀಸು ಹುಟ್ಟಿದ್ದು ಅದೇ ಚಾಪೆಗಳಿಂದ. ತಳಂಗರೆಯ ತೊಪ್ಪಿ ಒಂದು ಕಾಲದಲ್ಲಿ ಗಲ್ಫ್‌ವರೆಗೆ ಹೋಗುತ್ತಿತ್ತು, ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತಿತ್ತು. ಅದನ್ನು ಹಿಂದೆ ತಳ್ಳಿದ್ದೂ ನಮ್ಮಂಥ ಕಪಾಟುಗಳಲ್ಲಿದ್ದ ಮೆಷಿನ್ ತೊಪ್ಪಿಯೇ.

ಮೇಳದಿಂದ ತಂದ ತೊಪ್ಪಿಯನ್ನು ಉಪ್ಪನಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದರು. ರೇಟು ಕೇಳಿ 'ಯಾರು ತಗೊಳ್ತಾರೆ ಮೋನೇ' ಎಂದರು. ಸ್ವಲ್ಪ ಹೊತ್ತಿನ ನಂತರ, ಹೊಲಿದವರ ನಂಬರ್ ಇದೆಯಾ ಎಂದು ಕೇಳಿದರು.

ಆರು ತರಿಸಿದೆವು. ಗಲ್ಲಾದ ಹತ್ತಿರ, ಮೆಷಿನ್ನಿನವುಗಳಿಂದ ಬೇರೆಯಾಗಿ ಇಟ್ಟಿದ್ದೇವೆ. ಇದುವರೆಗೆ ಎರಡು ಹೋಗಿವೆ.