ಕಾರಿನ ಸ್ಟಾರ್ಟಿಂಗ್ ದೋಷಗಳ ಪತ್ತೆ: ಇತಿಹಾಸ

ಕೀಲಿ ತಿರುಗಿಸಿದರೂ ಕಾರಿನ ಎಂಜಿನ್ ಚಾಲೂ ಆಗದಿದ್ದಾಗ ವಿದ್ಯುತ್ತಿನ ತೊಂದರೆ ಬ್ಯಾಟರಿಯಲ್ಲಿದೆಯೋ, ವೈರಿನಲ್ಲೋ, ಸ್ವಿಚ್ಚಿನಲ್ಲೋ, ಸ್ಟಾರ್ಟರ್ ಮೋಟಾರಿನಲ್ಲೋ, ಇಗ್ನಿಷನ್ನಿನಲ್ಲೋ ಎಂದು ಗುರುತಿಸುವ ವಿದ್ಯೆ. ಗ್ಯಾರೇಜಿಗೆ ಬರುವ ದೂರು ಎರಡೇ ಬಗೆ: ‘ಸೆಲ್ಫ್ ಹೊಡೀತಿಲ್ಲ’ ಮತ್ತು ‘ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ಆಗ್ತಿಲ್ಲ’. ಮೊದಲನೆಯದು ಬ್ಯಾಟರಿಯಿಂದ ಸ್ಟಾರ್ಟರಿನವರೆಗಿನ ಹಾದಿಯ ತೊಂದರೆ. ಎರಡನೆಯದು ಕಿಡಿಯದ್ದೋ ಇಂಧನದ್ದೋ. ಚರಿತ್ರೆಯಲ್ಲಿ ಮೊದಲು ಹುಟ್ಟಿದ್ದು ಎರಡನೆಯ ದೂರು. ಸೆಲ್ಫ್, ಅಂದರೆ ವಿದ್ಯುತ್ ಸ್ಟಾರ್ಟರ್, ಕಾರಿಗಿಂತ ಕಾಲು ಶತಮಾನದಷ್ಟು ಕಿರಿಯದು.

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ವಾಹನದ ಎಂಜಿನ್ನನ್ನು ಅದರ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಎಬ್ಬಿಸಬೇಕಿತ್ತು. ಕಿಡಿ ಮಾತ್ರ ವಿದ್ಯುತ್ತಿನದು. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬೆರ್ತಾ ಬೆಂಜ್ ಇಬ್ಬರು ಮಕ್ಕಳೊಂದಿಗೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಾಗ ಇಗ್ನಿಷನ್ ವೈರಿನ ಹೊದಿಕೆ ಸವೆದು ಶಾರ್ಟ್ ಆಯಿತೆಂದೂ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಅವರು ಅದನ್ನು ಸರಿಪಡಿಸಿಕೊಂಡರೆಂದೂ ಪ್ರಸಿದ್ಧಿಯಿದೆ. ಕಾರಿನ ವಿದ್ಯುತ್ ರಿಪೇರಿಗಳಲ್ಲಿ ತೀರಾ ಹಳೆಯದೆಂದು ಇದನ್ನೇ ಹೇಳಬಹುದು. ಇಂದಿನ ಇನ್ಸುಲೇಷನ್ ಟೇಪು ಮಾಡುವ ಕೆಲಸವೂ ಅದೇ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್‌ಗಳು ಒಂದು ಮರದ ಪೆಟ್ಟಿಗೆಯಲ್ಲಿ ಕೂತಿದ್ದವು. ಪ್ರತಿಯೊಂದರ ಮೇಲೂ ಗುಂಯ್‌ಗುಡುವ ಒಂದು ತೆಳು ಪಟ್ಟಿ. ಓಡುತ್ತಿರುವ ಎಂಜಿನ್ನಿನಲ್ಲಿ ಪಟ್ಟಿಗಳನ್ನು ಬೆರಳಿನಿಂದ ಒತ್ತಿ ಸುಮ್ಮನಾಗಿಸುತ್ತಾ ಹೋದರೆ, ಯಾವುದನ್ನು ಒತ್ತಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ ಎಂದರ್ಥ. ಆಮೇಲೆ ಅದರ ಕಾಯಿಲನ್ನು ಪಕ್ಕದ ಮನೆಗೆ ಹಾಕಿ ನೋಡುವುದು. ತೊಂದರೆಯೂ ಜೊತೆಗೆ ಹೋದರೆ ಕಾಯಿಲಿನದು, ಅಲ್ಲೇ ಉಳಿದರೆ ಪ್ಲಗ್ಗಿನದೋ ವೈರಿನದೋ. ಮೀಟರಿಲ್ಲದೆ ನಡೆಯುವ ಇಷ್ಟು ಚೊಕ್ಕವಾದ ಪರೀಕ್ಷೆ ಆಮೇಲಿನ ಎಷ್ಟೋ ಕಾರುಗಳಿಗೆ ಒದಗಲಿಲ್ಲ.

ಎಂಜಿನ್ ಎಬ್ಬಿಸಲು ಕೈಯಿಂದ ಹ್ಯಾಂಡಲ್ ಹೊಡೆಯುವುದು ಅಪಾಯದ ಕೆಲಸವಾಗಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಡೇಟನ್ನಿನಲ್ಲಿ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಹಿಂದೆ ನಗದು ಯಂತ್ರಗಳ ಕಂಪನಿಯಲ್ಲಿದ್ದಾಗ ಗಲ್ಲಾಪೆಟ್ಟಿಗೆಗೆ ಪುಟ್ಟ ಮೋಟಾರು ಕೂರಿಸಿದ್ದರು. ಕೆಲವೇ ಕ್ಷಣ ಓಡುವ ಮೋಟಾರು ತನ್ನ ಯೋಗ್ಯತೆಗೆ ಮೀರಿದ ಭಾರ ತಾಳುತ್ತದೆ ಎಂಬ ಆ ಅನುಭವವನ್ನೇ ಎಂಜಿನ್ನಿಗೂ ಹಚ್ಚಿದರು. ಅವರ ಡೆಲ್ಕೊ ಸಂಸ್ಥೆಯ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ವಿನ್ಸೆಂಟ್ ಬೆಂಡಿಕ್ಸ್ ರೂಪಿಸಿದ, ತಾನಾಗಿ ಮುಂದೆ ಸರಿದು ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಳ್ಳುವ ಗಿಯರು ಅದೇ ದಶಕದ್ದು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಸ್ಟಾರ್ಟರಿನ ಆ ಭಾಗಕ್ಕೆ ಇಂದಿಗೂ ‘ಬೆಂಡಿಕ್ಸ್’ ಎಂದೇ ಹೆಸರು.

ಸೆಲ್ಫ್ ಬಂದ ಮೇಲೆ ದೋಷಪತ್ತೆಯ ಸ್ವರೂಪವೇ ಬದಲಾಯಿತು. ಕಿಡಿಗೆ ಬೇಕಾದದ್ದು ಕೆಲವೇ ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಎಳೆಯುವುದು ನೂರರಿಂದ ಇನ್ನೂರು. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿ ಉಪ್ಪು ಕಟ್ಟಿ ಅಲ್ಲಿ 0.02 ಓಮ್‌ನಷ್ಟು ಅಡ್ಡಿ ಬೆಳೆದಿದೆ ಎನ್ನಿ. ಹೆಡ್‌ಲೈಟಿನ 9 ಆಂಪಿಯರ್ ಅದರ ಮೂಲಕ ಹರಿದರೆ ನಷ್ಟವಾಗುವುದು 0.18 ವೋಲ್ಟ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ. 150 ಆಂಪಿಯರ್ ಹರಿಯಹೊರಟರೆ 3 ವೋಲ್ಟ್ ಅಲ್ಲೇ ತಿಂದುಹೋಗುತ್ತದೆ. ‘ಲೈಟು ಚೆನ್ನಾಗಿ ಉರಿಯುತ್ತಿದೆ, ಹಾಗಾಗಿ ಬ್ಯಾಟರಿ ಸರಿಯಿದೆ’ ಎಂಬ ವಾದ ಸೋಲುವುದು ಇಲ್ಲಿ. ಒಳ್ಳೆಯ ಬ್ಯಾಟರಿ ಬದಲಾಯಿಸಿ ದುಡ್ಡು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದೂ ಇಲ್ಲಿಯೇ.

ಆ 0.02 ಓಮನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ನೆಚ್ಚಿಕೊಳ್ಳುವಷ್ಟು ಸರಿಯಾಗಿ ತೋರಿಸಲಾರದು. ಹೊರೆ ಬಿದ್ದಾಗ ವೋಲ್ಟೇಜು ಎಲ್ಲಿ ಕಳೆಯುತ್ತಿದೆ ಎಂದು ನೋಡುವುದೇ ದಾರಿ. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಏವೊ ಮೀಟರ್ 1923ರಲ್ಲಿ ಮಾರುಕಟ್ಟೆಗೆ ಬಂದು ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಗೆ ತಂದಿತು. ಇಂದಿಗೂ ಕ್ರಮ ಇದು: ಮೀಟರಿನ ಒಂದು ಮೊನೆ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದೇ ಕಂಬವನ್ನು ಹಿಡಿದಿರುವ ಕ್ಲಾಂಪಿಗೆ, ಒಬ್ಬರು ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ನೋಡಬೇಕು. ಮೀಟರು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲಬೇಕು. ಅರ್ಧ ವೋಲ್ಟಿಗೆ ಏರಿದರೆ ಕಳ್ಳ ಅಲ್ಲೇ ಇದ್ದಾನೆ. ಎಂಜಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ಅರ್ಥ್ ಹಾದಿಯನ್ನೂ ಹೀಗೆಯೇ ಅಳೆಯಬೇಕು. ಅನುಭವವಿಲ್ಲದವರು ಬಿಟ್ಟುಬಿಡುವುದು ಇದನ್ನೇ.

1950ರ ದಶಕದಲ್ಲಿ ಅಮೆರಿಕದ ಕಾರುಗಳು 6 ವೋಲ್ಟಿನಿಂದ 12ಕ್ಕೆ ಬಂದವು. 12 ವೋಲ್ಟಿನ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಅನುಮಾನಿಸಬೇಕು.

ಕಿವಿಯ ಪರೀಕ್ಷೆಯೂ ಕಡಿಮೆಯದಲ್ಲ. ಸ್ಟಾರ್ಟರಿಗೆ ಕರೆಂಟು ಬಿಡುವ ಸೊಲಿನಾಯ್ಡಿನಿಂದ ‘ಟಕ್’ ಎಂದು ಒಂದೇ ಸದ್ದು ಬಂದು ಎಲ್ಲ ನಿಂತರೆ ಅದರ ಒಳಗಿನ ಸಂಪರ್ಕ ಸುಟ್ಟಿರಬಹುದು, ಇಲ್ಲವೇ ಸ್ಟಾರ್ಟರಿನ ಕಾರ್ಬನ್ ಬ್ರಶ್ ಸವೆದಿರಬಹುದು. ‘ಟಕಟಕಟಕ’ ಎಂದರೆ ಕಥೆ ಬೇರೆ: ಸೊಲಿನಾಯ್ಡ್ ಎಳೆದುಕೊಂಡ ಕೂಡಲೇ ಮೋಟಾರಿಗೆ ಕರೆಂಟು ನುಗ್ಗಿ ವೋಲ್ಟೇಜು ಕುಸಿಯುತ್ತದೆ, ಹಿಡಿತ ತಪ್ಪಿ ಅದು ಬಿಟ್ಟುಬಿಡುತ್ತದೆ, ವೋಲ್ಟೇಜು ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಇದು ಬ್ಯಾಟರಿ ಡೌನ್ ಆದದ್ದರ ಅಥವಾ ಟರ್ಮಿನಲ್ ಸಡಿಲವಾದದ್ದರ ಲಕ್ಷಣ. ಸದ್ದೇ ಇಲ್ಲದೆ, ದೀಪವೂ ಮಂಕಾಗದಿದ್ದರೆ ಕರೆಂಟು ಸೊಲಿನಾಯ್ಡಿನ ತನಕ ತಲುಪಿಯೇ ಇಲ್ಲ. ಇಗ್ನಿಷನ್ ಸ್ವಿಚ್, ಫ್ಯೂಸ್, ರಿಲೇ, ಆಟೋಮ್ಯಾಟಿಕ್ ಕಾರಾದರೆ ನ್ಯೂಟ್ರಲ್ ಸ್ವಿಚ್ ಕಡೆಗೆ ಕೈಹಾಕಬೇಕು.

ಭಾರತದಲ್ಲಿ ಹ್ಯಾಂಡಲ್ ಬಹುಕಾಲ ಬಾಳಿತು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಡರಿನ ಡಿಕ್ಕಿಯಲ್ಲಿ ಅದು ಕಾಯಂ ಆಗಿ ಇರುತ್ತಿದ್ದುದರಿಂದ ಸೆಲ್ಫ್ ಕೆಟ್ಟರೂ ಕಾರು ನಿಲ್ಲುತ್ತಿರಲಿಲ್ಲ, ರಿಪೇರಿಯೂ ಮುಂದಕ್ಕೆ ಹೋಗುತ್ತಿತ್ತು. ಬೆಂಗಳೂರಿನ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಗ್ಯಾರೇಜುಗಳಿಗೆಲ್ಲ ಪರಿಚಿತವಾದವು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವುದು, ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜುವುದು ಆ ಕಾಲದ ಡ್ರೈವರುಗಳಿಗೆಲ್ಲ ಬರುತ್ತಿದ್ದ ಕೆಲಸ. 2000ದ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಹಿಡಿತದಲ್ಲಿ ಇಂಧನ ಸಿಂಪಡಿಸುವ ಎಂಪಿಎಫ್‌ಐ ಬಂದಾಗ ತಳ್ಳಿ ಸ್ಟಾರ್ಟ್ ಮಾಡುವ ಭರವಸೆಯೂ ತಗ್ಗಿತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಜೀವ ಇರದು.

ಕೀಲಿಗೇ ವಿದ್ಯುತ್ತಿನ ಗುರುತು ಕೊಟ್ಟವರಲ್ಲಿ ಜನರಲ್ ಮೋಟಾರ್ಸ್ ಮೊದಲಿಗರ ಸಾಲಿನದು. 1986ರ ಕಾರ್ವೆಟ್ಟಿನ ಕೀಲಿಯಲ್ಲಿ ಒಂದು ರೆಸಿಸ್ಟರ್ ಇತ್ತು. ಮುಂದೆ ಕೀಲಿಯ ಗುರುತು ಸಿಗದಿದ್ದರೆ ಎಂಜಿನ್ನನ್ನು ತಡೆಯುವ ಇಮ್ಮೊಬಿಲೈಸರ್ ಬಂದು, ಯಾವ ಭಾಗವೂ ಕೆಡದೆ ಕಾರು ಸ್ಟಾರ್ಟ್ ಆಗದಿರುವ ಹೊಸ ಬಗೆ ಹುಟ್ಟಿತು. 1996ರಿಂದ ಅಮೆರಿಕದಲ್ಲಿ ದೋಷಗಳನ್ನು ಕೋಡ್ ರೂಪದಲ್ಲಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಭಾರತಕ್ಕೆ ಈ ವ್ಯವಸ್ಥೆ ಬಿಎಸ್-4 ಹೊಗೆ ನಿಯಮಗಳ ಜೊತೆ ಬಂತು. 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಪಿ0335 ಎಂಬ ಕೋಡ್ ಕಾಣಬಹುದು. ಅದು ಹೇಳುವುದು ಕ್ರ್ಯಾಂಕ್ ಸೆನ್ಸರಿನ ಸರ್ಕಿಟ್ಟಿನಲ್ಲಿ ದೋಷ ಎಂದಷ್ಟೇ, ಸೆನ್ಸರ್ ಕೆಟ್ಟಿದೆ ಎಂದಲ್ಲ. ಇಲಿ ಕಡಿದ ವೈರೂ ಅದೇ ಕೋಡ್ ಕೊಡುತ್ತದೆ. ಮೀಟರು ಹಿಡಿಯದೆ ಕೋಡ್ ಓದಿ ಭಾಗ ಬದಲಿಸುವುದು ಹಳೆಯ ಬ್ಯಾಟರಿ ಬದಲಾವಣೆಯ ಚಾಳಿಯೇ, ಈಗ ಹೆಚ್ಚು ದುಬಾರಿ.

ವಿದ್ಯುತ್ ಕಾರುಗಳಲ್ಲಿ ಸ್ಟಾರ್ಟರೇ ಇಲ್ಲ. ಆದರೆ ಅವುಗಳ ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯನ್ನು ಮೋಟಾರಿನ ಕಡೆಗೆ ಜೋಡಿಸುವ ಸ್ವಿಚ್ಚುಗಳು ಸಾಮಾನ್ಯವಾಗಿ ನಡೆಯುವುದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ. ಅದು ಇಳಿದುಹೋದರೆ ದೊಡ್ಡದು ತುಂಬಿದ್ದರೂ ಕಾರು ಕದಲುವುದಿಲ್ಲ. ಮೆಕ್ಯಾನಿಕ್ ಮೊದಲು ನೋಡಬೇಕಾದದ್ದು ಆ ಸಣ್ಣ ಬ್ಯಾಟರಿಯ ಟರ್ಮಿನಲ್ಲುಗಳನ್ನು.