ಗಡಿಯ ಗೆರೆ, ಸಂವಿಧಾನದ ಮಾತು



ನಿಮ್ಮ ಮನೆಯಲ್ಲಿ ಹಳೆಯ ಜಮೀನು ಪತ್ರಗಳಿದ್ದರೆ ಒಮ್ಮೆ ತೆರೆದು ನೋಡಿ. ಚಿಪ್ಪಗಿರಿಯ ಹೊಲಕ್ಕೆ 1953ಕ್ಕೆ ಮುಂಚಿನ ಪತ್ರವಾದರೆ ಆಲೂರು ತಾಲೂಕು, ಬಳ್ಳಾರಿ ಜಿಲ್ಲೆ. ಆಮೇಲಿನದಾದರೆ ಕರ್ನೂಲು ಜಿಲ್ಲೆ. ಹೊಲ ಅಲ್ಲೇ ಇದೆ, ಬಾವಿ ಅಲ್ಲೇ ಇದೆ. ಜಿಲ್ಲೆ ಬದಲಾಯಿತು, ರಾಜ್ಯವೂ ಬದಲಾಯಿತು. ಇದು ಹೇಗಾಯಿತು? ಇಂದು ಆ ವಿಚಾರ.

1800ರಲ್ಲಿ ನಿಜಾಮನು ನಮ್ಮ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹಾಗೆ ಬಂದದ್ದೇ ದತ್ತಮಂಡಲ ಎಂಬ ಹೆಸರು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಕಂದಾಯ ಗೊತ್ತುಮಾಡಿದನು. ಕೊಟ್ಟವರೂ ತೆಗೆದುಕೊಂಡವರೂ ರೈತನನ್ನು ಕೇಳಲಿಲ್ಲ.

1947ರ ಆಗಸ್ಟ್ 15ರಂದು ಪರರ ಆಳ್ವಿಕೆ ಹೋಯಿತು. ಆದರೆ ಆಳುವವರು ಹೋದ ಮಾತ್ರಕ್ಕೆ ಆಡಳಿತ ನಮ್ಮದಾಗುವುದಿಲ್ಲ. ಅದಕ್ಕೊಂದು ಕಟ್ಟುಪಾಡು ಬೇಕು. 1946ರ ಡಿಸೆಂಬರ್ 9ರಂದು ಸೇರಿದ ಸಂವಿಧಾನ ಸಭೆ 1949ರ ನವೆಂಬರ್ 26ರಂದು ಆ ಕೆಲಸ ಮುಗಿಸಿತು. 1950ರ ಜನವರಿ 26ರಿಂದ ಸಂವಿಧಾನ ಜಾರಿಗೆ ಬಂತು. ಬ್ರಿಟಿಷರ ಕಾಲದಲ್ಲಿ ತೆರಿಗೆ, ಆಸ್ತಿ, ಓದು ಇದ್ದವರಿಗೇ ಮತ. 1951-52ರ ಮೊದಲ ಮಹಾಚುನಾವಣೆಯಲ್ಲಿ ಕೂಲಿಯಾಳಿಗೂ ಜಮೀನ್ದಾರನಿಗೂ ಒಂದೊಂದೇ ಮತ.

ಈ ಸಂವಿಧಾನದ 3ನೆಯ ಅನುಚ್ಛೇದವನ್ನು ಗಮನಿಸಿ. ಹೊಸ ರಾಜ್ಯ ರಚಿಸುವ, ಎಲ್ಲೆ ಬದಲಿಸುವ ಅಧಿಕಾರವನ್ನು ಅದು ಸಂಸತ್ತಿಗೆ ಕೊಟ್ಟಿದೆ. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕೆಂದಿಲ್ಲ. ಆಫ್ರಿಕದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ, ವಸಾಹತುಗಾರರು ಎಳೆದ ಗಡಿಗಳನ್ನು ಹಾಗೇ ಉಳಿಸಿಕೊಳ್ಳಲು ನಿರ್ಧರಿಸಿದವು. ಭಾರತವು ತನ್ನ ಒಳಗಿನ ಗಡಿಗಳನ್ನು ಭಾಷೆಯನ್ನು ನೋಡಿ ಹೊಸದಾಗಿ ಎಳೆಯಿತು.

ಆ ಕೆಲಸ ನಮ್ಮ ಸೀಮೆಯಿಂದಲೇ ಮೊದಲಾಯಿತು. ಪೊಟ್ಟಿ ಶ್ರೀರಾಮುಲು 58 ದಿನ ಉಪವಾಸವಿದ್ದು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕೇ ದಿನಕ್ಕೆ ಪ್ರಧಾನಿ ನೆಹರೂ ಆಂಧ್ರ ರಾಜ್ಯವನ್ನು ಘೋಷಿಸಿದರು. ಎರಡು ಮಾತಿನ ಬಳ್ಳಾರಿ ಜಿಲ್ಲೆ ಯಾರಿಗೆ? ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಉಳಿದವು ಮೈಸೂರಿಗೆ. ಬಳ್ಳಾರಿ ತಾಲೂಕಿನ ವಿವಾದವನ್ನು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಿಸಿದರು, ಅದೂ ಮೈಸೂರಿಗೇ ಸೇರಿತು. 1953ರ ಅಕ್ಟೋಬರ್ 1ರಂದು ಕರ್ನೂಲು ರಾಜಧಾನಿಯಾಗಿ ಹೊಸ ರಾಜ್ಯ ಹುಟ್ಟಿತು.

ನೆಲ ಹಂಚಿದಷ್ಟು ಸುಲಭವಾಗಿ ನೀರು ಹಂಚಲಾಗದು. ಆದ್ದರಿಂದಲೇ ಅದೇ ಆಂಧ್ರ ರಾಜ್ಯ ಕಾಯಿದೆಯ ಆಧಾರದ ಮೇಲೆ ತುಂಗಭದ್ರಾ ಮಂಡಳಿ ಬಂತು. ಅಣೆಕಟ್ಟು ಹೊಸಪೇಟೆಯ ಬಳಿ, ಕಾಲುವೆಯ ನೀರು ಎರಡೂ ರಾಜ್ಯಕ್ಕೆ.

ಮಾತನ್ನು ಹಂಚುವುದು ಇನ್ನೂ ಕಷ್ಟ. ವಿಜಯದಾಸರು ಹುಟ್ಟಿದ್ದು ರಾಯಚೂರು ಸೀಮೆಯ ಚೀಕಲಪರವಿಯಲ್ಲಿ. 1755ರಲ್ಲಿ ದೇಹಬಿಟ್ಟದ್ದು ನಮ್ಮ ಚಿಪ್ಪಗಿರಿಯಲ್ಲಿ. ಅವರ ಕನ್ನಡ ಸುಳಾದಿಗಳಿಗೆ ಗಡಿ ಇಲ್ಲ. ಆದರೆ ಶಾಲೆಗೆ ಹೋಗುವ ಮಗುವಿಗೆ ಗಡಿ ಇದೆ. ಗೆರೆ ಎಲ್ಲಿ ಎಳೆದರೂ ಆಚೆ ಒಂದಷ್ಟು ಕನ್ನಡಿಗರು, ಈಚೆ ಒಂದಷ್ಟು ತೆಲುಗರು ಉಳಿದೇ ಉಳಿಯುತ್ತಾರೆ. ಇದನ್ನು ಅರಿತು 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ 350-ಎ ಅನುಚ್ಛೇದವನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ ಅದು.

ಪ್ರಯತ್ನಿಸಬೇಕು ಎಂದಿದೆ, ನೆನಪಿರಲಿ. ಕೇಳುವವರಿಲ್ಲದಿದ್ದರೆ ಪ್ರಯತ್ನವೂ ನಿಲ್ಲುತ್ತದೆ. ಮಕ್ಕಳು ಸೇರದ ಕನ್ನಡ ಶಾಲೆಯನ್ನು ಯಾವ ಅನುಚ್ಛೇದವೂ ಉಳಿಸಲಾರದು. ತೆಲುಗು ನಮ್ಮ ರಾಜ್ಯದ ಮಾತು, ಮಕ್ಕಳು ಚೆನ್ನಾಗಿ ಕಲಿಯಲಿ. ಜೊತೆಗೆ ಮನೆಯ ಮಾತಿನ ಅಕ್ಷರವನ್ನೂ ಕಲಿಯಲಿ. 1800ರಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ. ಇಂದು ಕೇಳುವ ಹಕ್ಕು ನಮಗಿದೆ. ಬಾಂಧವರೇ, ಅದನ್ನು ಬಳಸಿ.